ವರ್ಟಿಕಲ್ ಬುಡದಲ್ಲಿ ಕೂತು ನ್ಯಾನೋವಿಎನ್‌ಎ ಬಗ್ಗೆ ನಾಲ್ಕು ಮಾತು

ಆಂಟೆನಾ ರೇಡಿಯೋಗೆ ಎಷ್ಟು ಹೊಂದುತ್ತದೆ ಅಂತ ಅಳೆದು ತೋರಿಸುವ ಈ ಪುಟ್ಟ ಯಂತ್ರದ ರಿವ್ಯೂ ಬರೆಯಬೇಕು ಅಂತ ಎರಡು ತಿಂಗಳಿಂದ ಅಂದುಕೊಳ್ಳುತ್ತಿದ್ದೆ. ಪೆಟ್ಟಿಗೆ ಬಿಚ್ಚಿದ ದಿನವೇ ಬರೆದಿದ್ದರೆ ಬರೀ ಹೊಗಳಿಕೆ ಇರುತ್ತಿತ್ತು, ಮೊದಲ ವಾರ ಬರೆದಿದ್ದರೆ ಬರೀ ಬೈಗುಳ. ಈಗ ಹ್ಯಾಮ್ ರೇಡಿಯೋದ 20 ಮೀಟರ್ ಬ್ಯಾಂಡ್‌ಗೆ (14ರಿಂದ 14.35 ಮೆಗಾಹರ್ಟ್ಜ್) ಒಂದು ವರ್ಟಿಕಲ್, ಅಂದರೆ ನೆಟ್ಟಗೆ ನಿಲ್ಲುವ ಆಂಟೆನಾ ಕೈಯಾರೆ ಕಟ್ಟಿ, ಟ್ಯೂನ್ ಮಾಡಿ, ಅದರಲ್ಲಿ ಮಾತೂ ಆಡಿದ್ದೇನೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳಬಹುದು.

ನನ್ನ ಹತ್ತಿರ ಇರುವುದು 2.8 ಇಂಚಿನ ಟಚ್ ಸ್ಕ್ರೀನ್ ಇರುವ ಸಣ್ಣ ಮಾಡೆಲ್. ಇದರ ವಿನ್ಯಾಸ ಮೂಲತಃ ಜಪಾನಿನ ಒಬ್ಬ ಹವ್ಯಾಸಿಯದು, ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರಿಂದ ಈಗ ಯಾರ್ಯಾರೋ ತಯಾರಿಸುತ್ತಾರೆ. 50 ಕಿಲೋಹರ್ಟ್ಜ್‌ನಿಂದ 900 ಮೆಗಾಹರ್ಟ್ಜ್‌ವರೆಗೆ ಅಳೆಯುತ್ತದೆ. ನಮಗೆ ಬೇಕಾಗಿರುವುದು 30ರ ಒಳಗೆ, ಅಲ್ವಾ? ಅಲ್ಲಿ ಇದು ಚೆನ್ನಾಗಿಯೇ ಇದೆ. ರಿಗ್‌ನಲ್ಲಿರುವ, ಅಂದರೆ ನಾವು ಮಾತಾಡುವ ರೇಡಿಯೋ ಸೆಟ್‌ನಲ್ಲಿರುವ ಎಸ್‌ಡಬ್ಲ್ಯುಆರ್ ಮೀಟರ್ ಒಂದೇ ಒಂದು ಸಂಖ್ಯೆ ತೋರಿಸಿ ಸುಮ್ಮನಾಗುತ್ತದೆ: ಆಂಟೆನಾ ರಿಗ್‌ನ 50 ಓಮ್‌ಗೆ ಪೂರ್ತಿ ಹೊಂದಿದರೆ 1, ಹೊಂದಿಕೆ ತಪ್ಪಿದಷ್ಟೂ ಜಾಸ್ತಿ. ಇದು ರೆಸಿಸ್ಟೆನ್ಸ್ ಎಷ್ಟು, ರಿಯಾಕ್ಟೆನ್ಸ್ (ಆಂಟೆನಾ ಟ್ಯೂನ್ ತಪ್ಪಿದಾಗ ಬರುವ ಅಡ್ಡಿ) ಎಷ್ಟು ಅಂತ ಬೇರೆ ಬೇರೆಯಾಗಿ ಹೇಳುತ್ತದೆ. ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ನನಗೆ ಅರ್ಥವಾಗಲು ಒಂದು ತಿಂಗಳು ಬೇಕಾಯಿತು.

ಆಂಟೆನಾ ಸರಳ. ಮಡಚುವ ಫೈಬರ್ ಗಾಳದ ಕೋಲು, ಅದರುದ್ದಕ್ಕೂ ಪ್ಲಾಸ್ಟಿಕ್ ಹೊದಿಕೆಯ ವೈರ್, ಬುಡದಲ್ಲಿ ನೆಲದ ಮೇಲೆ ಹಾಸಿದ 4 ರೇಡಿಯಲ್, ಅಂದರೆ ಬುಡದಿಂದ ಸುತ್ತಲೂ ಹರಡುವ ವೈರ್‌ಗಳು. 71.5 ಅನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿದರೆ ಕಾಲು ತರಂಗದ ಉದ್ದ ಮೀಟರ್‌ನಲ್ಲಿ ಸಿಗುತ್ತದೆ, ವೈರ್ ಅಷ್ಟಿರಬೇಕು. 14.150ಕ್ಕೆ ಸುಮಾರು 5.05 ಮೀಟರ್. ಇರಲಿ ಅಂತ 5.20 ಇಟ್ಟೆ.

ಮೊದಲ ದಿನ ಮಾಡಿದ ಪೆದ್ದು ಕೆಲಸ ಕೇಳಿ. 1ರಿಂದ 30 ಮೆಗಾಹರ್ಟ್ಜ್‌ವರೆಗೆ ಸ್ವೀಪ್ (ಈ ತುದಿಯಿಂದ ಆ ತುದಿಗೆ ಸಾಲಾಗಿ ಅಳೆಯುವುದು) ಇಟ್ಟು, ಕಮ್ಮಿ ಎಸ್‌ಡಬ್ಲ್ಯುಆರ್ ಎಲ್ಲಿದೆ ಅಂತ ಹುಡುಕಿದೆ. ಈ ಮಾಡೆಲ್ ಒಂದು ಸ್ವೀಪ್‌ನಲ್ಲಿ ಅಳೆಯುವುದು ಬರೀ 101 ಚುಕ್ಕೆ. ಅಂದರೆ ಎರಡು ಚುಕ್ಕೆಗಳ ನಡುವೆ 290 ಕಿಲೋಹರ್ಟ್ಜ್ ಅಂತರ, 20 ಮೀಟರ್ ಬ್ಯಾಂಡ್‌ನ ಇಡೀ ಅಗಲವೇ 350. ನನ್ನ ಬ್ಯಾಂಡ್‌ನೊಳಗೆ ಒಂದೋ ಎರಡೋ ಚುಕ್ಕೆ ಬಿದ್ದಿರಬೇಕು, ಅದನ್ನೇ ನಂಬಿಕೊಂಡು ಅರ್ಧ ದಿನ ಕೋಲು ಏರಿಸಿ ಇಳಿಸಿ ಮಾಡಿದೆ. ಆಮೇಲೆ 13ರಿಂದ 15ಕ್ಕೆ ಇಳಿಸಿದಾಗ ಗೆರೆ ಸರಿಯಾದ ಆಕಾರಕ್ಕೆ ಬಂತು.

ಸ್ವೀಪ್ ಬದಲಿಸಿದರೆ ಕ್ಯಾಲಿಬ್ರೇಷನ್, ಅಂದರೆ ಯಂತ್ರದ ಅಳತೆ ಸರಿಪಡಿಸುವ ಕೆಲಸ ಮತ್ತೆ ಮಾಡಬೇಕು. ಓಪನ್, ಶಾರ್ಟ್, ಲೋಡ್ ಅನ್ನುವ ಪುಟ್ಟ ತಿರುಪು ಮುಚ್ಚಳ ಮೂರನ್ನೂ ಒಂದೊಂದಾಗಿ ತಿರುಗಿಸಿ ಹಾಕಬೇಕು. ಸ್ಕ್ರೀನಿನ ಎಡಕ್ಕೆ ದೊಡ್ಡ ‘ಸಿ’ ಅಕ್ಷರ ಇದ್ದರೆ ಸರಿ, ಸಣ್ಣ ‘ಸಿ’ ಬಂದರೆ ಹಳೆಯ ಲೆಕ್ಕವನ್ನೇ ಅಂದಾಜಿನಲ್ಲಿ ಹಿಗ್ಗಿಸಿ ತೋರಿಸುತ್ತಿದೆ ಅಂತ ಅರ್ಥ. ಇಷ್ಟು ಮುಖ್ಯವಾದ ವಿಷಯವನ್ನು ಇಷ್ಟು ಚಿಕ್ಕದಾಗಿ ಬರೆದವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಇನ್ನೊಂದು, ಕ್ಯಾಲಿಬ್ರೇಷನ್ ಅನ್ನು ಯಂತ್ರದ ಬಾಯಲ್ಲಿ ಮಾಡಿ, ಮಧ್ಯೆ ಉದ್ದದ ಕೋಆಕ್ಸ್ (ಆಂಟೆನಾಗೆ ಹೋಗುವ ಕೇಬಲ್) ಸೇರಿಸಿ ಅಳೆದರೆ ಬರುವ ರೆಸಿಸ್ಟೆನ್ಸ್ ಆಂಟೆನಾದ್ದಲ್ಲ. ಕೋಆಕ್ಸ್ ಅದನ್ನು ತಿರುಚಿ ಕೊಡುತ್ತದೆ. ಆಂಟೆನಾ ಬುಡಕ್ಕೇ ಹೋಗಿ ಕೂರಿ, ಇಲ್ಲವೇ ಕೋಆಕ್ಸ್‌ನ ಆ ತುದಿಯಲ್ಲಿ ಕ್ಯಾಲಿಬ್ರೇಟ್ ಮಾಡಿ.

ಸರಿಯಾಗಿ ಅಳೆದಾಗ ರೆಸೋನೆನ್ಸ್, ಅಂದರೆ ರಿಯಾಕ್ಟೆನ್ಸ್ ಸೊನ್ನೆಯಾಗುವ ಜಾಗ, ಸಿಕ್ಕಿದ್ದು 13.45ರಲ್ಲಿ. ಸೂತ್ರದ ಪ್ರಕಾರ 13.75 ಬರಬೇಕಿತ್ತು. ಹೊದಿಕೆ ಇರುವ ವೈರ್ ತಾನಿರುವುದಕ್ಕಿಂತ ಉದ್ದ ಇದ್ದಂತೆ ನಡೆದುಕೊಳ್ಳುತ್ತದೆ, ಅದಕ್ಕೇ ಈ ವ್ಯತ್ಯಾಸ. ಆದರೆ ಒಮ್ಮೆ ಅಳೆದ ಮೇಲೆ ಸೂತ್ರ ಯಾರಿಗೆ ಬೇಕು? 5.20 ಗುಣಿಸು 13.45, ಅದನ್ನು 14.15ರಿಂದ ಭಾಗಿಸಿದರೆ 4.94. ಕತ್ತರಿ ತೆಗೆಯಬೇಡಿ, ಕತ್ತರಿಸಿದ ವೈರ್ ಮತ್ತೆ ಬೆಳೆಯಲ್ಲ. ತುದಿಯಿಂದ 20 ಸೆಂಟಿಮೀಟರ್ ಹಿಂದಕ್ಕೆ ಮಡಚಿ ಅದಕ್ಕೇ ಸುತ್ತಿ ಟೇಪ್ ಹಾಕಿದೆ, ಅಳೆದೆ, ಇನ್ನು 5 ಮಡಚಿದೆ. ಬಂತು. ಎಸ್‌ಡಬ್ಲ್ಯುಆರ್ 1.08, ರೆಸಿಸ್ಟೆನ್ಸ್ 54 ಓಮ್. ಖುಷಿಯೋ ಖುಷಿ.

ಅಷ್ಟು ಒಳ್ಳೆಯ ಸಂಖ್ಯೆ ಇದ್ದರೂ ದೂರದವರು ಯಾರೂ ಸರಿಯಾಗಿ ಕೇಳಿಸಿಕೊಳ್ಳುತ್ತಿರಲಿಲ್ಲ. ಒಂದು ರಜೆಯ ದಿನ ಹಳೆಯ ವೈರ್‌ಗಳನ್ನೆಲ್ಲ ಹುಡುಕಿ ತೆಗೆದು ರೇಡಿಯಲ್‌ಗಳನ್ನು 4ರಿಂದ 16ಕ್ಕೆ ಏರಿಸಿದೆ. ಮಂಡಿ ಊರಿ ಕೂತು ಅಳೆದರೆ ಎಸ್‌ಡಬ್ಲ್ಯುಆರ್ 1.22! ಕೆಟ್ಟುಹೋಯಿತು ಅಂದುಕೊಂಡೆ. ಹೊಸ ರೇಡಿಯಲ್‌ಗಳನ್ನು ಕಿತ್ತು ಹಾಕಲು ಒಂದರ ಸ್ಕ್ರೂ ಸಡಿಲವೂ ಮಾಡಿದ್ದೆ. ಆಗ ರೆಸಿಸ್ಟೆನ್ಸ್ ಸಾಲು ಕಣ್ಣಿಗೆ ಬಿತ್ತು: 41 ಓಮ್.

ಕಾಲು ತರಂಗದ ವರ್ಟಿಕಲ್‌ಗೆ ನೆಲ ಪೂರ್ತಿ ಒಳ್ಳೆಯದಿದ್ದರೆ ಬರಬೇಕಾದದ್ದು ಸುಮಾರು 36 ಓಮ್. ಅದರ ಮೇಲೆ ಎಷ್ಟು ಜಾಸ್ತಿ ಇದೆಯೋ ಅಷ್ಟೂ ಮಣ್ಣನ್ನು ಬೆಚ್ಚಗೆ ಮಾಡಲು ಹೋಗುತ್ತಿರುವ ಪವರ್. 54 ಇದ್ದಾಗ 18 ಓಮ್ ನೆಲದ ಪಾಲು, ಅಂದರೆ ಮೂರರಲ್ಲಿ ಒಂದು ಭಾಗ. 41 ಆದಾಗ ನೆಲಕ್ಕೆ 5 ಓಮ್ ಮಾತ್ರ, ಹೆಚ್ಚುಕಮ್ಮಿ ಎಂಟರಲ್ಲಿ ಒಂದು ಭಾಗ. 1.22 ಎಸ್‌ಡಬ್ಲ್ಯುಆರ್‌ನಿಂದ ವಾಪಸ್ ಬರುವ ಪವರ್ ಶೇಕಡ 1ರಷ್ಟು, ಅದಕ್ಕೆ ತಲೆ ಕೆಡಿಸಿಕೊಳ್ಳುವುದೇ ಬೇಡ. ಬರೀ ಎಸ್‌ಡಬ್ಲ್ಯುಆರ್ ಮೀಟರ್ ಇದ್ದಿದ್ದರೆ ಒಳ್ಳೆಯ ಆಂಟೆನಾ ಬಿಚ್ಚಿ ಕೆಟ್ಟ ಆಂಟೆನಾಗೆ ವಾಪಸ್ ಹೋಗಿ, ನೆಮ್ಮದಿಯಾಗಿ ಮಲಗುತ್ತಿದ್ದೆ. ಈ ಯಂತ್ರ ಕೊಂಡಿದ್ದು ಸಾರ್ಥಕ ಅನ್ನಿಸಿದ್ದು ಇದೊಂದಕ್ಕೇ.

ಇನ್ನೂ ಒಂದು ಉಪಕಾರ ಮಾಡಿದೆ. ಅಳೆಯುವಾಗ ಕೋಆಕ್ಸ್ ಮೇಲೆ ಕೈ ಇಟ್ಟರೆ ಗೆರೆ ಅಲ್ಲಾಡುತ್ತಿತ್ತು. ಕೋಆಕ್ಸ್‌ನ ಹೊರಮೈಯಲ್ಲೂ ಕರೆಂಟ್ ಹರಿದು ಅದೂ ಆಂಟೆನಾದ ಭಾಗವಾಗಿಬಿಟ್ಟಿದೆ ಅನ್ನುವುದಕ್ಕೆ ಇದೇ ಗುರುತು. ಫೀಡ್ ಪಾಯಿಂಟ್‌ನಲ್ಲಿ (ಕೋಆಕ್ಸ್ ಆಂಟೆನಾಗೆ ಸೇರುವ ಜಾಗ) ಎಫ್‌ಟಿ240-43 ಫೆರೈಟ್ ಬಳೆಗೆ ಕೋಆಕ್ಸ್ ಅನ್ನು 12 ಸುತ್ತು ಹಾಕಿದೆ. ಈಗ ಕೈ ಇಟ್ಟರೂ ಗೆರೆ ನಿಂತಲ್ಲೇ ನಿಲ್ಲುತ್ತದೆ.

ಬೈಗುಳದ ಪಾಲು ಬಾಕಿ ಇದೆ. ಬಿಸಿಲಲ್ಲಿ ಸ್ಕ್ರೀನ್ ಕಾಣುವುದೇ ಇಲ್ಲ, ತಲೆಗೆ ಟವೆಲ್ ಹೊದ್ದುಕೊಂಡು ನೋಡಬೇಕು. ಮೆನು ಆಯ್ಕೆ ಮಾಡುವ ಸಣ್ಣ ಚಕ್ರ ದಪ್ಪ ಬೆರಳಿಗೆ ಹೇಳಿದ್ದಲ್ಲ. ಯಂತ್ರದ ಪುಟ್ಟ ಎಸ್‌ಎಂಎ ಕನೆಕ್ಟರ್‌ಗೆ ಭಾರದ ಕೋಆಕ್ಸ್ ನೇರ ನೇತುಹಾಕಿದರೆ ಬುಡವೇ ಸಡಿಲವಾಗುತ್ತದೆ, ಮಧ್ಯೆ ಒಂದು ತೆಳು ತುಂಡು ಕೇಬಲ್ ಇರಲಿ. ಹತ್ತಿರದಲ್ಲಿ ಜೋರಾದ ಪ್ರಸಾರ ಕೇಂದ್ರ ಇದ್ದರೆ ಗೆರೆ ಮುಳ್ಳುಮುಳ್ಳಾಗುತ್ತದೆ. ಆಂಟೆನಾ ಮೇಲೆ ಸ್ಟ್ಯಾಟಿಕ್ ಕೂತಿರುತ್ತದೆ, ಸಿಕ್ಕಿಸುವ ಮುಂಚೆ ವೈರ್ ಅನ್ನು ಒಮ್ಮೆ ನೆಲಕ್ಕೆ ಮುಟ್ಟಿಸಿ. ಮರೆತು ಇದಕ್ಕೆ ರಿಗ್ ಸಿಕ್ಕಿಸಿ ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತಿದರೆ ಕಥೆ ಅಲ್ಲಿಗೆ ಮುಗಿಯಿತು.

ಸಿದ್ಧ ಆಂಟೆನಾ ತಂದು ನಿಲ್ಲಿಸಿ, ರಿಗ್‌ನ ಟ್ಯೂನರ್ ಒತ್ತಿ ಮಾತಾಡುವವರಿಗೆ ಇದು ಬೇಡ, ಸುಮ್ನೆ ಡ್ರಾಯರ್‌ನಲ್ಲಿ ಕೂತಿರುತ್ತದೆ. ಒಂದಾದರೂ ಆಂಟೆನಾ ಸ್ವತಃ ಕಟ್ಟುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಕಣ್ಣು ನನ್ನಂತೆ ಮಂದವಾಗಿದ್ದರೆ 4 ಇಂಚಿನ ಮಾಡೆಲ್ ನೋಡಿ. ಮೊನ್ನೆ ಜೋರು ಮಳೆ ಬಂದು ನಿಂತ ಮೇಲೆ ಸುಮ್ಮನಿರಲಾಗದೆ ಮತ್ತೆ ಅಳೆದೆ. ರೆಸೋನೆನ್ಸ್ ಸ್ವಲ್ಪ ಕೆಳಗೆ ಜಾರಿತ್ತು. ತುದಿಯ ಟೇಪ್ ಬಿಚ್ಚೋಣ ಅಂತ ಕೋಲು ಅರ್ಧ ಇಳಿಸಿದವನು, ಒಣಗಲಿ ನೋಡೋಣ ಅಂತ ಮತ್ತೆ ಏರಿಸಿ ಬಂದೆ.