ಸ್ಟಾರ್ ಪಿಚರ್: ಮಾರೋದಾ, ಇಟ್ಟುಕೊಳ್ಳೋದಾ?

ಪಿಚರ್ ಅಂದರೆ ಬೇಸ್‌ಬಾಲ್‌ನಲ್ಲಿ ಬ್ಯಾಟರ್‌ಗೆ ಚೆಂಡು ಎಸೆಯುವವನು. ಒಳ್ಳೆಯ ಪಿಚರ್‌ನನ್ನು ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಎಳೆಯ ಆಟಗಾರರನ್ನು ಪಡೆಯೋದಾ (ಇದೇ ‘ಮಾರೋದು’), ಇಲ್ಲಾ ತಂಡದಲ್ಲೇ ಇಟ್ಟುಕೊಳ್ಳೋದಾ? ಅಭಿಮಾನಿಗಳ ಈ ಜಗಳಕ್ಕೆ ಎರಡು ಉದಾಹರಣೆ ಸಾಕು.

ಮಾರಿದ್ದು: 2016ರ ಡಿಸೆಂಬರ್‌ನಲ್ಲಿ ಚಿಕಾಗೋದ ವೈಟ್ ಸಾಕ್ಸ್ ತಂಡ ಪಿಚರ್ ಕ್ರಿಸ್ ಸೇಲ್‌ನನ್ನು ಬಾಸ್ಟನ್ ತಂಡಕ್ಕೆ ಕೊಟ್ಟಿತು. ಬದಲಿಗೆ ಸಿಕ್ಕಿದ್ದು ಯೋಆನ್ ಮೊಂಕಾಡಾ, ಮೈಕಲ್ ಕೊಪೆಕ್ ಸೇರಿ ನಾಲ್ವರು ಹುಡುಗರು. ಸೇಲ್ ಮೇಲೆ ಇನ್ನೂ ಮೂರು ಸೀಸನ್ ಹಕ್ಕಿತ್ತು, ಅದಕ್ಕೇ ಅಷ್ಟು ಬೆಲೆ. 2018ರಲ್ಲಿ ಬಾಸ್ಟನ್ ವರ್ಲ್ಡ್ ಸೀರೀಸ್ (ಸೀಸನ್‌ನ ಫೈನಲ್ ಸರಣಿ) ಗೆದ್ದಾಗ ಕೊನೆಯ ಔಟ್ ತೆಗೆದದ್ದು ಸೇಲ್. ಇತ್ತ ಮೊಂಕಾಡಾ 2019ರಲ್ಲಿ ಮಿಂಚಿದ, ಕೊಪೆಕ್‌ಗೆ ಮೊಣಕೈ ಆಪರೇಷನ್ ಆಯಿತು. ವೈಟ್ ಸಾಕ್ಸ್ 2020, 2021ರಲ್ಲಿ ಪ್ಲೇಆಫ್‌ಗೆ ಹೋಯಿತು, ಆದರೆ ಒಂದು ಸರಣಿಯನ್ನೂ ಗೆಲ್ಲಲಿಲ್ಲ. 2024ರಲ್ಲಂತೂ 121 ಸೋಲು!

ಇಟ್ಟುಕೊಂಡಿದ್ದು: 2023ರ ಜುಲೈನಲ್ಲಿ ಏಂಜಲ್ಸ್ ತಂಡ ಶೋಹೇ ಓಟಾನಿಯನ್ನು ಬಿಡಲಿಲ್ಲ. ಒಪ್ಪಂದ ಆ ವರ್ಷವೇ ಮುಗಿಯುತ್ತಿತ್ತು. ಸಾಲದ್ದಕ್ಕೆ ತನ್ನ ಹುಡುಗರನ್ನೇ ಕೊಟ್ಟು ಬೇರೆ ಪಿಚರ್‌ಗಳನ್ನು ತಂದಿತು. ಆಗಸ್ಟ್‌ನಲ್ಲಿ ಓಟಾನಿಯ ಮೊಣಕೈ ಕೈಕೊಟ್ಟಿತು, ತಂಡ 73 ಗೆದ್ದು 89 ಸೋತಿತು. ಡಿಸೆಂಬರ್‌ನಲ್ಲಿ ಆತ 10 ವರ್ಷಕ್ಕೆ 70 ಕೋಟಿ ಡಾಲರ್‌ಗೆ ಡಾಡ್ಜರ್ಸ್ ತಂಡ ಸೇರಿದ. ಏಂಜಲ್ಸ್‌ಗೆ ಉಳಿದದ್ದು ಒಂದು ಡ್ರಾಫ್ಟ್ ಆಯ್ಕೆ (ಹೊಸ ಆಟಗಾರನೊಬ್ಬನನ್ನು ಆರಿಸಿಕೊಳ್ಳುವ ಸರದಿ) ಮಾತ್ರ.

ಮಾರಿದರೂ ಕಪ್ ಸಿಗುವ ಖಾತ್ರಿ ಇಲ್ಲ, ಅಲ್ವಾ? ಆದರೂ ಒಪ್ಪಂದದ ಕೊನೆಯ ವರ್ಷ, ತಂಡ ಹಿಂದಿದೆ ಅಂದರೆ ನಾನು ಮಾರುವವರ ಕಡೆ. ಗೆಲ್ಲುವ ತಂಡ ಕೈಲಿದ್ದು ಎರಡು ವರ್ಷ ಬಾಕಿ ಇದ್ದರೆ ಮಾತ್ರ ಸುಮ್ನೆ ಇಟ್ಟುಕೊಳ್ಳಿ.