ಜಿಪಿಎಸ್‌ಟೆಸ್ಟ್: ಫೋನನ್ನು ರಿಪೇರಿಗೆ ಕೊಡುವ ಮುಂಚೆ ಹಾಕಿಕೊಳ್ಳಬೇಕಾದ ಆ್ಯಪ್

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಾಗಲಿ, ಬೀದರ್‌ನ ಚೌಬಾರಾ ಸುತ್ತಮುತ್ತಲಾಗಲಿ, ಯಾದಗಿರಿಯಲ್ಲಾಗಲಿ ಡೆಲಿವರಿ ಹುಡುಗರು ಮತ್ತು ಟ್ಯಾಕ್ಸಿಯವರು ಮೊಬೈಲ್ ಅಂಗಡಿಗೆ ತರುವ ದೂರು ಒಂದೇ ಥರ. ಲೊಕೇಶನ್ ಸರಿಯಾಗಿ ಬರ್ತಿಲ್ಲ, ನೀಲಿ ಚುಕ್ಕೆ ಪಕ್ಕದ ಓಣಿಗೆ ಹಾರ್ತದೆ, ಮ್ಯಾಪು "ಸಿಗ್ನಲ್ ಹುಡುಕುತ್ತಿದೆ" ಅಂತ ನಿಂತುಬಿಡ್ತದೆ. ಇದಕ್ಕೆ ಹಲವು ಕಡೆ ಸಿಗುವ ಉತ್ತರವೂ ಒಂದೇ: ಬೋರ್ಡ್ ಕೆಲಸ ಇದೆ, ಬಿಟ್ಟು ಹೋಗಿ. ನಿಜವಾಗಿ ಬೋರ್ಡ್ ಕೆಟ್ಟಿರುವುದು ಕಡಿಮೆ. ಕೆಟ್ಟಿದೆಯೋ ಇಲ್ಲವೋ ಎಂದು ಹತ್ತು ನಿಮಿಷದಲ್ಲಿ, ದುಡ್ಡು ಕೊಡದೆ, ಅಂಕಿ ಸಮೇತ ತೋರಿಸುವ ಆ್ಯಪ್ ಜಿಪಿಎಸ್‌ಟೆಸ್ಟ್.

ಇದನ್ನು ಬರೆದವರು ಶಾನ್ ಬಾರ್ಬೋ. ಓಪನ್ ಸೋರ್ಸ್ ಆ್ಯಪ್, ಜಾಹೀರಾತು ಇಲ್ಲ, ಆಂಡ್ರಾಯ್ಡ್‌ಗೆ ಮಾತ್ರ. ಪ್ಲೇ ಸ್ಟೋರ್‌ನಲ್ಲೂ ಎಫ್-ಡ್ರಾಯ್ಡ್‌ನಲ್ಲೂ ಸಿಗುತ್ತದೆ. ಇದೇ ಹೆಸರನ್ನು ಬಿಡಿಸಿ ಬರೆದ ಬೇರೆ ಆ್ಯಪ್‌ಗಳೂ ಸ್ಟೋರ್‌ನಲ್ಲಿ ಇರುವುದರಿಂದ ಹಾಕಿಕೊಳ್ಳುವಾಗ ಡೆವಲಪರ್ ಹೆಸರು ನೋಡಿ.

ಪರೀಕ್ಷೆ ಮಾಡುವ ಜಾಗ ಮುಖ್ಯ. ಅಂಗಡಿಯೊಳಗೆ, ಮನೆಯ ಹಾಲ್‌ನಲ್ಲಿ ನಿಂತು ನೋಡಿದರೆ ಯಾವ ಫೋನೂ ನಪಾಸೇ. ಕಲಬುರಗಿಯಲ್ಲಾದರೆ ಅಪ್ಪನ ಕೆರೆಯ ಏರಿ, ಬೀದರ್‌ನಲ್ಲಿ ಕೋಟೆಯೊಳಗಿನ ಬಯಲು, ಯಾದಗಿರಿಯಲ್ಲಿ ಭೀಮಾ ದಂಡೆ, ಯಾವುದೂ ಇಲ್ಲದಿದ್ದರೆ ಮನೆಯ ಮಾಳಿಗೆ. ನಾಲ್ಕೂ ದಿಕ್ಕಿಗೆ ಆಕಾಶ ಕಾಣಬೇಕು. ಫೋನಿನ ಕವರ್ ತೆಗೆದು, ಚಾರ್ಜರ್ ಬಿಚ್ಚಿ, ಮೇಲ್ಭಾಗಕ್ಕೆ ಬೆರಳು ಅಡ್ಡ ಬಾರದ ಹಾಗೆ ಹಿಡಿದು ಆ್ಯಪ್ ತೆರೆಯಿರಿ.

ಸ್ಟೇಟಸ್ ಪುಟದಲ್ಲಿ ಉಪಗ್ರಹಗಳ ಪಟ್ಟಿ ಬರುತ್ತದೆ. ಒಂದೊಂದು ಸಾಲಿನ ಮುಂದೆ ಆ ವ್ಯವಸ್ಥೆಯ ಬಾವುಟ: ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೋನಾಸ್, ಯೂರೋಪಿನ ಗೆಲಿಲಿಯೋ, ಚೀನಾದ ಬೈಡೂ, ಫೋನಿನ ಚಿಪ್ ಒಪ್ಪಿದರೆ ನಮ್ಮ ನಾವಿಕ್. ಪಟ್ಟಿ ಉದ್ದ, ಆದರೆ ನೋಡಬೇಕಾದ್ದು ಎರಡೇ ಕಾಲಂ. ಒಂದು ಸಿ/ಎನ್‌ಝೀರೋ, ಅಂದರೆ ಗದ್ದಲದ ನಡುವೆ ಸಿಗ್ನಲ್ ಎಷ್ಟು ಗಟ್ಟಿ ಎಂಬ ಅಳತೆ, ಡಿಬಿ-ಹರ್ಟ್ಸ್ ಲೆಕ್ಕದಲ್ಲಿ. ಇನ್ನೊಂದು ಎ, ಇ, ಯು ಎಂಬ ಮೂರು ಅಕ್ಷರದ ಕಾಲಂ. ಎ ಅಂದರೆ ಆ ಉಪಗ್ರಹದ ಒರಟು ವೇಳಾಪಟ್ಟಿ ಫೋನಿನ ಬಳಿ ಇದೆ. ಇ ಅಂದರೆ ಆ ಉಪಗ್ರಹದ ನಿಖರ ಕಕ್ಷೆಯ ಮಾಹಿತಿ ಸಿಕ್ಕಿದೆ. ಯು ಅಂದರೆ ಸ್ಥಾನ ಲೆಕ್ಕಹಾಕಲು ಅದನ್ನು ಬಳಸಲಾಗುತ್ತಿದೆ. ಬಯಲಿನಲ್ಲಿ ತಲೆಯ ಮೇಲಿನ ಉಪಗ್ರಹಗಳಿಗೆ ಸಿ/ಎನ್‌ಝೀರೋ 35ರಿಂದ 45 ಬಂದರೆ ಫೋನು ಗಟ್ಟಿಮುಟ್ಟಾಗಿದೆ. 30ರ ಆಸುಪಾಸಾದರೆ ನಡೆಯುತ್ತದೆ. ಬಯಲಲ್ಲೇ ಎಲ್ಲವೂ 25ರ ಕೆಳಗಿದ್ದರೆ ತೊಂದರೆ ಇದೆ.

ಈ ಎರಡು ಕಾಲಂ ಓದಲು ಬಂದರೆ ದೂರುಗಳು ತಾವಾಗಿಯೇ ಬೇರೆಬೇರೆ ಗುಂಪಾಗುತ್ತವೆ. ಆ್ಯಪಿನ ದೊಡ್ಡ ಗುಣ ಇದೇ.

ಮೊದಲನೆಯದು, ಪಟ್ಟಿಯೇ ಖಾಲಿ. ಒಂದು ಉಪಗ್ರಹವೂ ಬರುತ್ತಿಲ್ಲ ಎಂದರೆ ಬಹುಪಾಲು ಸೆಟ್ಟಿಂಗ್ ಸಮಸ್ಯೆ. ಲೊಕೇಶನ್ ಆನ್ ಇದೆಯೇ, ಬ್ಯಾಟರಿ ಸೇವರ್ ಆಫ್ ಇದೆಯೇ ನೋಡಿ. ಹಲವು ಫೋನುಗಳಲ್ಲಿ ಬ್ಯಾಟರಿ ಸೇವರ್ ಹಾಕಿದರೆ ಪರದೆ ಆರಿದಾಗ ಲೊಕೇಶನ್ ನಿಲ್ಲುತ್ತದೆ. ಪಟ್ಟಿ ಚೆನ್ನಾಗಿ ಬಂದು ಡೆಲಿವರಿ ಆ್ಯಪಿನಲ್ಲಿ ಮಾತ್ರ ಚುಕ್ಕೆ ಎಲ್ಲೋ ಇದ್ದರೆ, ಆ ಆ್ಯಪಿನ ಪರ್ಮಿಷನ್‌ಗೆ ಹೋಗಿ "ಪ್ರಿಸೈಸ್ ಲೊಕೇಶನ್" ಸ್ವಿಚ್ ನೋಡಿ. ಆಂಡ್ರಾಯ್ಡ್ 12ರಿಂದ ಇದು ಬೇರೆಯಾಗಿದೆ. ಇದು ಆಫ್ ಆಗಿದ್ದರೆ ಆ ಆ್ಯಪಿಗೆ ಸಿಗುವುದು ಸುಮಾರು 3 ಚದರ ಕಿಲೋಮೀಟರ್ ಜಾಗದೊಳಗೆ ಎಲ್ಲೋ ಇದ್ದೀರಿ ಎಂಬ ಸುಳಿವು ಮಾತ್ರ. ಅಷ್ಟರಲ್ಲಿ ದರ್ಗಾ ಹಿಂದಿನ ಒಂದು ಮನೆ ಹುಡುಕುವುದು ಆಗದ ಮಾತು. ಡೆವಲಪರ್ ಆಪ್ಷನ್‌ನಲ್ಲಿ ಮಾಕ್ ಲೊಕೇಶನ್ ಆ್ಯಪ್, ಅಂದರೆ ಸುಳ್ಳು ಜಾಗ ತೋರಿಸುವ ಆ್ಯಪ್, ಯಾವುದಾದರೂ ಆಯ್ಕೆಯಾಗಿದ್ದರೆ ಅದನ್ನೂ ತೆಗೆಯಿರಿ.

ಎರಡನೆಯದು ನಮ್ಮ ಭಾಗದಲ್ಲಿ ಅತಿ ಹೆಚ್ಚು: ಸಿ/ಎನ್‌ಝೀರೋ 38, 40 ಇದೆ, ಆದರೆ ಇ ಅಕ್ಷರ ಬರುತ್ತಿಲ್ಲ, ಚುಕ್ಕೆ ನಿಲ್ಲಲು ಮೂರು-ನಾಲ್ಕು ನಿಮಿಷ. ಕಾರಣ ಹೀಗಿದೆ. ಜಿಪಿಎಸ್ ಉಪಗ್ರಹ ಸುಮಾರು 20,200 ಕಿ.ಮೀ. ಎತ್ತರದಿಂದ ತನ್ನ ಮಾಹಿತಿಯನ್ನು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಕಳಿಸುತ್ತದೆ. 1,500 ಬಿಟ್‌ನ ಒಂದು ಫ್ರೇಮಿಗೆ 30 ಸೆಕೆಂಡ್ ಬೇಕು. ನಿಖರ ಕಕ್ಷೆಯ ಮಾಹಿತಿ ಅದರಲ್ಲಿ ಇರುತ್ತದೆ; ನಡುವೆ ಸಿಗ್ನಲ್ ತುಂಡಾದರೆ ಆ ಭಾಗ ಮತ್ತೆ ಬರುವವರೆಗೆ ಕಾಯಬೇಕು. ಎಲ್ಲ ಉಪಗ್ರಹಗಳ ಪೂರ್ತಿ ವೇಳಾಪಟ್ಟಿಗೆ ಹನ್ನೆರಡೂವರೆ ನಿಮಿಷ. ಮೊಬೈಲ್ ಡೇಟಾ ಇದ್ದರೆ ಫೋನು ಇದನ್ನೆಲ್ಲ ಇಂಟರ್ನೆಟ್‌ನಿಂದ ಸೆಕೆಂಡುಗಳಲ್ಲಿ ಇಳಿಸಿಕೊಳ್ಳುತ್ತದೆ. ಆಳಂದ, ಔರಾದ, ಚಿಂಚೋಳಿಯ ಗಡಿ ಹಳ್ಳಿಗಳಲ್ಲಿ ಡೇಟಾ ಸತ್ತಿರುತ್ತದೆ, ಅಥವಾ ಪಕ್ಕದ ರಾಜ್ಯದ ಟವರ್ ಹಿಡಿದು ರೋಮಿಂಗ್‌ನಲ್ಲಿ ಡೇಟಾ ಬಂದ್ ಆಗಿರುತ್ತದೆ. ಆಗ ಫೋನು ಆಕಾಶವನ್ನೇ ನಂಬಬೇಕು. ಬೈಕ್ ಓಡಿಸುತ್ತ, ಬೇವಿನ ಮರಗಳ ಕೆಳಗೆ ಹಾಯುತ್ತ ಹೋದರೆ ಆ 30 ಸೆಕೆಂಡು ಒಮ್ಮೆಯೂ ಪೂರ್ತಿ ಸಿಗುವುದಿಲ್ಲ. ಊರು ಬಿಡುವ ಮುಂಚೆ, ಡೇಟಾ ಇರುವಲ್ಲೇ ಬಯಲಿನಲ್ಲಿ ಎರಡು ನಿಮಿಷ ನಿಂತು ಮ್ಯಾಪ್ ತೆರೆದು ಚುಕ್ಕೆ ಗಟ್ಟಿಯಾದ ಮೇಲೆ ಹೊರಡಿ. ಉಪಗ್ರಹದಿಂದ ಪಡೆದ ಕಕ್ಷೆಯ ಮಾಹಿತಿ ಕೆಲವು ಗಂಟೆ ಕೆಲಸಕ್ಕೆ ಬರುತ್ತದೆ.

ಡೇಟಾ ಇದ್ದೂ ಇ ಬರದಿದ್ದರೆ ಹಳೆಯ ಸಹಾಯಕ ಮಾಹಿತಿ ಹಾಳಾಗಿರಬಹುದು. ಮೊದಲು ಫೋನಿನ ದಿನಾಂಕ-ಸಮಯ ಆಟೋಮ್ಯಾಟಿಕ್ ಮಾಡಿ. ಗಡಿಯಾರ ತಪ್ಪಿದ್ದರೆ ಯಾವ ಉಪಗ್ರಹ ಎಲ್ಲಿದೆ ಎಂಬ ಅಂದಾಜೇ ತಪ್ಪುತ್ತದೆ. ಆಮೇಲೆ ಆ್ಯಪಿನ ಮೆನುವಿನಲ್ಲಿ "ಕ್ಲಿಯರ್ ಅಸಿಸ್ಟ್ ಡೇಟಾ" ಒತ್ತಿ, ನಂತರ "ಇಂಜೆಕ್ಟ್ ಟೈಮ್", ನಂತರ "ಇಂಜೆಕ್ಟ್ ಪಿಎಸ್‌ಡಿಎಸ್" (ಉಪಗ್ರಹಗಳ ಕಕ್ಷೆಯ ಮುನ್ನಂದಾಜನ್ನು ಇಂಟರ್ನೆಟ್‌ನಿಂದ ತರಿಸುವ ಆಜ್ಞೆ). ಈ ಕ್ರಮ ತಪ್ಪಿಸಬೇಡಿ, ಮತ್ತು ಡೇಟಾ ಇಲ್ಲದ ಜಾಗದಲ್ಲಿ ಕ್ಲಿಯರ್ ಒತ್ತಲೇಬೇಡಿ. ಒತ್ತಿದರೆ ಫೋನು ಎಲ್ಲವನ್ನೂ ಆಕಾಶದಿಂದಲೇ ಹೊಸದಾಗಿ ಹೆಕ್ಕಿಕೊಳ್ಳುವ ತನಕ ಬಿಸಿಲಲ್ಲಿ ನಿಲ್ಲಬೇಕು. ಕೆಲವು ಕಂಪನಿಗಳ ಫೋನುಗಳು ಈ ಆಜ್ಞೆಗಳನ್ನು ಒಪ್ಪುವುದಿಲ್ಲ. ಅಂಥ ಫೋನಿಗೆ ರೀಸ್ಟಾರ್ಟ್ ಮಾಡಿ ಬಯಲಲ್ಲಿ ಹದಿನೈದು ನಿಮಿಷ ಅಲುಗಾಡದೆ ಇಡುವುದೇ ದಾರಿ.

ಮೂರನೆಯ ಗುಂಪು ಕಾರಿನೊಳಗಿನದು. ಹೊರಗೆ ನಿಂತಾಗ 40, ಕಾರಿನಲ್ಲಿ ಕೂತ ಕೂಡಲೇ 25. ಗಾಜಿಗೆ ಲೋಹದ ಅಂಶವಿರುವ ಕೂಲಿಂಗ್ ಫಿಲ್ಮ್ ಹಾಕಿಸಿದ್ದರೆ ಅದು ಸಿಗ್ನಲ್ ತಿನ್ನುತ್ತದೆ. ಅಗ್ಗದ ಕಾರ್ ಚಾರ್ಜರ್, ಡ್ಯಾಶ್‌ಕ್ಯಾಮ್‌ಗಳು ರೇಡಿಯೋ ಗದ್ದಲ ಎಬ್ಬಿಸುವುದು ಇನ್ನೂ ಸಾಮಾನ್ಯ, ಇದನ್ನು ಯಾರೂ ಅನುಮಾನಿಸುವುದಿಲ್ಲ. ಉಪಗ್ರಹದ ಸಿಗ್ನಲ್ ನೆಲಕ್ಕೆ ತಲುಪುವ ಹೊತ್ತಿಗೆ ಸುತ್ತಲಿನ ಗದ್ದಲಕ್ಕಿಂತಲೂ ಕೆಳಗಿರುತ್ತದೆ, ಹಾಗಾಗಿ ಸಣ್ಣ ಗದ್ದಲವೂ ಸಾಕು. ಪರೀಕ್ಷೆ ಸುಲಭ. ಗಾಡಿ ನಿಲ್ಲಿಸಿ, ಸ್ಟೇಟಸ್ ಪುಟ ತೆರೆದಿಟ್ಟು ಚಾರ್ಜರ್ ಕಿತ್ತುಹಾಕಿ. ಅರ್ಧ ನಿಮಿಷದೊಳಗೆ ಎಲ್ಲ ಸಾಲುಗಳ ಅಂಕಿಯೂ ಒಟ್ಟಿಗೆ ಐದಾರು ಏರಿದರೆ ಕಳ್ಳ ಸಿಕ್ಕಿದ ಹಾಗೆ. ಡ್ಯಾಶ್‌ಕ್ಯಾಮ್‌ಗೂ ಹೀಗೇ ಮಾಡಿ.

ನಾಲ್ಕನೆಯದೇ ನಿಜವಾದ ಹಾರ್ಡ್‌ವೇರ್ ದೋಷ. ಬಯಲಿನಲ್ಲಿ, ಚಾರ್ಜರ್ ಇಲ್ಲದೆ, ಎಲ್ಲ ವ್ಯವಸ್ಥೆಯ ಉಪಗ್ರಹಗಳೂ 25ರ ಕೆಳಗೆ. ಪಕ್ಕದಲ್ಲೇ ಇಟ್ಟ ಇನ್ನೊಂದು ಫೋನಿನಲ್ಲಿ 38. ಇಂಥವು ಹೆಚ್ಚಾಗಿ ಡಿಸ್‌ಪ್ಲೇ, ಬ್ಯಾಟರಿ ಅಥವಾ ಹಿಂದಿನ ಗಾಜು ಬದಲಿಸಿದ ಮೇಲೆ ಶುರುವಾಗುತ್ತವೆ. ಆಂಟೆನಾ ಇರುವುದು ಚೌಕಟ್ಟಿನಲ್ಲೋ ಹಿಂದಿನ ಮುಚ್ಚಳದ ಒಳಭಾಗದಲ್ಲೋ. ಅದು ಬೋರ್ಡಿಗೆ ತಾಗುವುದು ಸಣ್ಣ ಸ್ಪ್ರಿಂಗ್ ಪಿನ್ ಮೂಲಕ. ಪಿನ್ ಬಾಗಿದರೆ, ಅದರ ಮೇಲೆ ಅಂಟು ಕೂತರೆ, ಅಥವಾ ಒಂದು ಸ್ಕ್ರೂ ಹಾಕದೆ ಬಿಟ್ಟರೆ ಸಿಗ್ನಲ್ ಕುಸಿಯುತ್ತದೆ. ಅಂಗಡಿಯವರಿಗೆ "ಜಿಪಿಎಸ್ ಹೋಗಿದೆ" ಎನ್ನುವ ಬದಲು "ಆಂಟೆನಾ ಕಾಂಟ್ಯಾಕ್ಟ್ ಪಿನ್ ನೋಡಿ, ಸ್ಕ್ರೂ ಎಲ್ಲ ಇವೆಯಾ ನೋಡಿ" ಎಂದು ಹೇಳಿ. ಕೊಡುವ ಮುಂಚೆ ಸ್ಟೇಟಸ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ವಾಪಸ್ ಪಡೆದಾಗ ಅಂಗಡಿಯಿಂದ ಹೊರಗೆ, ರಸ್ತೆಯ ತೆರೆದ ಭಾಗಕ್ಕೆ ಬಂದು ಮತ್ತೆ ನೋಡಿ. ಅಂಕಿ ಏರದಿದ್ದರೆ ರಿಪೇರಿ ಆಗಿಲ್ಲ, ಅಷ್ಟೇ.

ಇನ್ನು ಫೋನಿನ ತಪ್ಪೇ ಇಲ್ಲದ ಜಾಗಗಳಿವೆ. ಕಪನೂರಿನ ದಾಲ್ ಮಿಲ್‌ಗಳ ತಗಡಿನ ಶೆಡ್, ದಪ್ಪ ಕಲ್ಲುಗೋಡೆಗೆ ಪರ್ಸಿ ಹೊದಿಸಿದ ಹಳೆ ಮನೆಗಳು, ಅಂಗಳವೇ ಇಲ್ಲದೆ ಪೂರ್ತಿ ಛಾವಣಿ ಹೊದ್ದ ಕಲಬುರಗಿ ಕೋಟೆಯ 1367ರ ಜಾಮಿ ಮಸೀದಿ, ಬೀದರ್‌ನ ನೌಬಾದ್ ಸುರಂಗ ಬಾವಿ. ಇಲ್ಲಿ ತೋರುವ ಚುಕ್ಕೆ ವೈಫೈ ಮತ್ತು ಟವರ್ ಲೆಕ್ಕದ್ದು. ಎತ್ತರದ ಕಟ್ಟಡಗಳ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ಅಂಕಿ 35 ಇದ್ದೂ ಚುಕ್ಕೆ ಅತ್ತಿತ್ತ ಹಾರುವುದುಂಟು. ಸಿಗ್ನಲ್ ನೇರವಾಗಿ ಬರದೆ ಗೋಡೆಗೆ ಬಡಿದು ಸುತ್ತಿ ಬರುತ್ತದೆ, ಫೋನು ಆ ಹೆಚ್ಚಿನ ದೂರವನ್ನೂ ನಿಜವೆಂದು ಎಣಿಸುತ್ತದೆ. ಉಪಗ್ರಹ ಯಾವ ರೇಡಿಯೋ ತರಂಗಾಂತರದಲ್ಲಿ ಕಳಿಸುತ್ತಿದೆ ಎಂದು ಹೇಳುವ ಸಿಎಫ್ ಕಾಲಂನಲ್ಲಿ ಮಾಮೂಲಿ ಎಲ್1 ಜೊತೆ ಎಲ್5 ಎಂಬ ಇನ್ನೊಂದು ತರಂಗಾಂತರ ಕೂಡ ಕಾಣಿಸಿದರೆ ನಿಮ್ಮ ಫೋನು ಇದನ್ನು ಚೆನ್ನಾಗಿ ನಿಭಾಯಿಸುತ್ತದೆ: ಎಲ್5ರ ಕೋಡ್ ಹತ್ತು ಪಟ್ಟು ವೇಗದ್ದು, ಪ್ರತಿಫಲನವನ್ನು ಬೇರ್ಪಡಿಸಿ ಹಿಡಿಯುತ್ತದೆ. ಡೆಲಿವರಿ ಕೆಲಸಕ್ಕೆ ಹೊಸ ಫೋನ್ ಕೊಳ್ಳುವವರು ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವ ಮುಂಚೆ ಎಲ್5 ಇದೆಯೇ ಕೇಳಿ ಎಂಬುದು ನಮ್ಮ ಖಚಿತ ಸಲಹೆ.

ನಾವಿಕ್ ಬಗ್ಗೆಯೂ ಒಂದು ಮಾತು. ಅದರ ಒಂದು ಭೂಸ್ಥಿರ ಸ್ಥಾನ 83 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, 77 ಡಿಗ್ರಿಯ ಸುತ್ತ ಇರುವ ನಮ್ಮ ಮೂರೂ ಜಿಲ್ಲೆಗಳಿಂದ ಅದು ದಕ್ಷಿಣ ಆಕಾಶದಲ್ಲಿ ಬಹಳ ಎತ್ತರಕ್ಕೆ ಬರುತ್ತದೆ. ಮೊದಲ ತಲೆಮಾರಿನ ಉಪಗ್ರಹಗಳು ಎಲ್5 ಮತ್ತು ಎಸ್ ಬ್ಯಾಂಡಿನವು; ಎಲ್1 ಸೇರಿದ್ದು 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಿಂದ. ಪರಮಾಣು ಗಡಿಯಾರಗಳು ಕೈಕೊಟ್ಟ ಕೆಲವು ಉಪಗ್ರಹಗಳು ಸ್ಥಾನ ಲೆಕ್ಕಕ್ಕೆ ಒದಗುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಭಾರತದ ಬಾವುಟ ಕಂಡೂ ಯು ಇಲ್ಲದಿದ್ದರೆ ಗಾಬರಿ ಬೇಡ.

ಬಾಣ ಉಲ್ಟಾ ತೋರಿಸುವುದು ಬೇರೆಯೇ ಕಾಯಿಲೆ, ಅದು ದಿಕ್ಸೂಚಿಯದು. ಮ್ಯಾಗ್ನೆಟ್ ಹೋಲ್ಡರ್, ಮ್ಯಾಗ್ನೆಟ್ ಇರುವ ಫ್ಲಿಪ್ ಕವರ್ ತೆಗೆದು ಫೋನನ್ನು ಗಾಳಿಯಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ಕೆಲವು ಸಲ ತಿರುಗಿಸಿ. ಗಾಡಿ ಓಡುತ್ತಿರುವಾಗ ದಿಕ್ಕು ಚಲನೆಯಿಂದಲೇ ಸಿಗುತ್ತದೆ. ನಿಂತಾಗ ಮಾತ್ರ ಈ ತೊಂದರೆ.

ಏಪ್ರಿಲ್-ಮೇ ಬಿಸಿಲಿನಲ್ಲಿ ಹ್ಯಾಂಡಲ್ ಮೇಲೆ ಕೂತ ಫೋನು ಕಾದು ಪರದೆ ಮಂಕಾಗುತ್ತದೆ, ಚಾರ್ಜ್ ನಿಲ್ಲುತ್ತದೆ, ಮ್ಯಾಪ್ ತಡೆತಡೆದು ಓಡುತ್ತದೆ. ಆಗಲೂ ಸ್ಟೇಟಸ್ ಪುಟದ ಅಂಕಿಗಳು ಸರಿಯಾಗಿದ್ದರೆ ಫೋನನ್ನು ನೆರಳಿಗೆ ತೆಗೆದು ತಣಿಸಿ, ಬೇರೇನೂ ಮಾಡಬೇಕಿಲ್ಲ.

ಆ್ಯಪಿನ ಕೊರತೆಗಳೂ ಸ್ಪಷ್ಟ. ಹೆಚ್ಚಿನ ಪದಗಳು ಎಂಜಿನಿಯರುಗಳಿಗೆ ಬರೆದವು, ವಿವರಣೆ ಕಡಿಮೆ. ತೆರೆದೇ ಇಟ್ಟರೆ ಬ್ಯಾಟರಿ ಬೇಗ ಕರಗುತ್ತದೆ. ಮ್ಯಾಪ್ ತಪ್ಪಿದ್ದರೆ ಇದು ಹೇಳುವುದಿಲ್ಲ: ಚುಕ್ಕೆ ಸರಿಯಿದ್ದೂ ಹೊಲದ ಬದುವನ್ನು ರಸ್ತೆ ಎಂದು ತೋರಿಸಿದರೆ ಅದು ನಕ್ಷೆಯ ದೋಷ. ಒಂದೇ ಹೆಸರಿನ ಹಳ್ಳಿಗಳು ಬೇರೆಬೇರೆ ತಾಲ್ಲೂಕಿನಲ್ಲಿ ಇರುವ ನಮ್ಮ ಭಾಗದಲ್ಲಿ ಹೆಸರು ಟೈಪ್ ಮಾಡುವ ಬದಲು ಪ್ಲಸ್ ಕೋಡ್, ಅಂದರೆ ಗೂಗಲ್ ಮ್ಯಾಪ್ ಒಂದೊಂದು ಜಾಗಕ್ಕೂ ಕೊಡುವ ಚಿಕ್ಕ ಸಂಕೇತ, ತರಿಸಿಕೊಳ್ಳಿ. ಸುಮಾರು 14 ಮೀಟರ್ ಚೌಕದ ಮಟ್ಟಕ್ಕೆ ಜಾಗ ಗುರುತಾಗುತ್ತದೆ. ಎತ್ತರ ನೋಡುವವರಿಗೆ ಒಂದು ಎಚ್ಚರಿಕೆ: ಆ್ಯಪ್ ಎರಡು ಎತ್ತರ ತೋರಿಸುತ್ತದೆ, ಸಮುದ್ರಮಟ್ಟದ ಎತ್ತರವೇ ಬೇಕಿದ್ದರೆ ಎಂಎಸ್ಎಲ್ ಎಂದಿರುವ ಸಾಲನ್ನು ಓದಿ. ಇನ್ನೊಂದು ಸಾಲಿನ ಅಂಕಿ ನಮ್ಮಲ್ಲಿ ಸುಮಾರು 75 ಮೀಟರ್ ಕಡಿಮೆ ಬರುತ್ತದೆ, ಅದು ದೋಷವಲ್ಲ.

ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇವೆ. ಐಫೋನ್‌ನವರಿಗೆ ಇದರಂಥದ್ದು ಸಿಗುವುದಿಲ್ಲ, ಆ್ಯಪಲ್ ಉಪಗ್ರಹಗಳ ಮಾಹಿತಿಯನ್ನು ಹೊರಗಿನ ಆ್ಯಪ್‌ಗಳಿಗೆ ಬಿಟ್ಟುಕೊಡುವುದಿಲ್ಲ. ಅವರು ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಲೊಕೇಶನ್ ಸರ್ವಿಸಸ್‌ಗೆ ಹೋಗಿ ಒಂದೊಂದು ಆ್ಯಪಿಗೂ ಪ್ರಿಸೈಸ್ ಲೊಕೇಶನ್ ಆನ್ ಇದೆಯೇ ನೋಡಲಿ, ಸಿಸ್ಟಮ್ ಸರ್ವಿಸಸ್‌ನಲ್ಲಿ ಕಂಪಾಸ್ ಕ್ಯಾಲಿಬ್ರೇಶನ್ ಆನ್ ಮಾಡಲಿ. ಆಮೇಲೂ ಬಯಲಿನಲ್ಲಿ ಚುಕ್ಕೆಯ ಸುತ್ತಲಿನ ನೀಲಿ ವೃತ್ತ ಕಿರಿದಾಗದಿದ್ದರೆ, ಪಕ್ಕದಲ್ಲಿ ಒಂದು ಆಂಡ್ರಾಯ್ಡ್ ಫೋನಿನಲ್ಲಿ ಜಿಪಿಎಸ್‌ಟೆಸ್ಟ್ ತೆರೆದು ಆಕಾಶ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು ಸರ್ವಿಸ್ ಸೆಂಟರ್‌ಗೆ ಹೋಗಲಿ.