‘ಗಿಡ್ಡ ತಳಿ’ ಅಂತ ಹುಳ ಹಿಡಿದ ಹಂದಿ ಮಾರ್ತಿದ್ದಾರೆ, ಮುಂಗಡ ಕೊಡೋ ಮುಂಚೆ ಓದಿ

ಹುಲ್ಲಲ್ಲಿ ಬಿಟ್ಟು ನಾಲ್ಕಾರು ಹಂದಿ ಸಾಕೋಣ ಅಂತ ಹೊರಟಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಕುನೆಕುನೆ ಅನ್ನೋ ಗಿಡ್ಡ ತಳಿಯ ಮರಿ ಅಂತ ನನಗೆ ಮಾರಿದ್ದು ಕುನೆಕುನೆಯೂ ಅಲ್ಲ, ಮರಿಯೂ ಅಲ್ಲ. ಹೊಟ್ಟೆ ತುಂಬ ಜಂತುಹುಳ ಸೇರಿಕೊಂಡು ಬೆಳವಣಿಗೆಯೇ ನಿಂತುಹೋದ ಮಾಮೂಲಿ ಹಂದಿಗಳು. ದುಡ್ಡು ಹೋಯ್ತು, ಅದೊಂದು. ಅದಕ್ಕಿಂತ ಹೆಚ್ಚಿನ ಉರಿ ಇನ್ನೊಂದಕ್ಕಿದೆ, ಮುಂದೆ ಹೇಳ್ತೀನಿ.

ಕುನೆಕುನೆಯೇ ಯಾಕೆ ಅಂತ ಸ್ವಲ್ಪ ಓದಿಕೊಂಡೋರಿಗೆ ಗೊತ್ತಿರತ್ತೆ. ನ್ಯೂಜಿಲೆಂಡಿನ ತಳಿ, ಗಿಡ್ಡ, ಮೈತುಂಬ ಕೂದಲು, ದುಂಡು ಹೊಟ್ಟೆ. ಮೂತಿ ಚಿಕ್ಕದು, ಮೇಲಕ್ಕೆ ತಿರುಗಿರತ್ತೆ, ಹಾಗಾಗಿ ನೆಲ ಬಗೆಯೋದು ಕಡಿಮೆ, ಮೇಯೋದು ಜಾಸ್ತಿ. ಚಿಕ್ಕ ಜಾಗ ಇರೋರು ಅದಕ್ಕೇ ಹುಡುಕೋದು. ಮಾರೋನಿಗೂ ಇದೆಲ್ಲ ಬಾಯಿಪಾಠ. 1970ರ ದಶಕದ ಕೊನೆಗೆ ಶುದ್ಧ ತಳಿಯವು ಸುಮಾರು 50 ಮಾತ್ರ ಉಳಿದಿದ್ದು, ಆಮೇಲೆ ಹುಡುಕಿ ತಂದು ವಂಶ ಉಳಿಸಿದ್ದು, ಎಲ್ಲ ಫೋನಲ್ಲೇ ಹೇಳಿದ. ಆ ಕಥೆ ನಿಜ. ಅವನ ಹತ್ರ ಇದ್ದ ಹಂದಿ ಮಾತ್ರ ಸುಳ್ಳು.

ತಾಯಿ ಹಂದಿ ನೋಡಬೇಕು ಅಂದೆ. “ಹೊರಗಿನವರನ್ನ ಫಾರಂ ಒಳಗೆ ಬಿಡಲ್ಲ ಸರ್, ಆಫ್ರಿಕನ್ ಹಂದಿಜ್ವರ ಬಂದ್ರೆ ಒಂದೂ ಉಳಿಯಲ್ಲ” ಅಂದ. ಒಪ್ಪೋ ಮಾತೇ. ಬೂಟಿನ ಕೊಳೆಯಲ್ಲೂ ಬರೋ ರೋಗ ಅದು, ಶಿಸ್ತಾಗಿ ಸಾಕೋರು ಯಾರನ್ನೂ ಒಳಗೆ ಬಿಡಲ್ಲ. ಆದ್ರೆ ಅಂಥೋರು ಕೇಳಿದ ತಕ್ಷಣ ವಿಡಿಯೋ ಕಾಲಲ್ಲಿ ತಾಯಿಯನ್ನ ತೋರಿಸ್ತಾರೆ. ಇವನು ಕಳಿಸಿದ್ದು ಫೋಟೋ. ವಿಡಿಯೋ ಕೇಳಿದ್ರೆ ನೆಟ್‌ವರ್ಕ್ ಇಲ್ಲ, ಕೆಲಸದವನು ರಜೆ, ಕ್ಯಾಮೆರಾ ಕೆಟ್ಟಿದೆ. ಮರಿ ಕೊಟ್ಟಿದ್ದೂ ಫಾರಂ ಹತ್ರ ಅಲ್ಲ, ದಾರಿ ಮಧ್ಯೆ, ಕತ್ತಲಾದ ಮೇಲೆ, ಗಾಡಿಯಿಂದ ಇಳಿಸಿ. “ಎಂಟು ವಾರ ಸರ್, ಹಾಲು ಬಿಟ್ಟಿವೆ, ಹುಳದ ಔಷಧಿ ಆಗಿದೆ, ಲಸಿಕೆ ಎಲ್ಲ ಆಗಿದೆ.” ಜೊತೆಗೊಂದು ಚೀಟಿ. ಅದರಲ್ಲಿ ಆಫ್ರಿಕನ್ ಹಂದಿಜ್ವರದ ಲಸಿಕೆಯೂ ಹಾಕಿದೆ ಅಂತ ಬರೆದಿದ್ದ! ವಿಯೆಟ್ನಾಂ 2023ರಲ್ಲಿ ಎರಡಕ್ಕೆ ಅನುಮತಿ ಕೊಟ್ಟಿದ್ದು ಬಿಟ್ರೆ ಹೆಚ್ಚಿನ ಕಡೆ ಆ ರೋಗಕ್ಕೆ ಮಾರೋಕೆ ಅನುಮತಿ ಇರೋ ಲಸಿಕೆಯೇ ಇಲ್ಲ. ನಿಮಗೆ ಕೊಡೋ ಚೀಟಿಯಲ್ಲೂ ಆ ಸಾಲು ಕಂಡ್ರೆ ಉಳಿದ ಸಾಲುಗಳನ್ನ ಓದೋ ಅಗತ್ಯವೇ ಇಲ್ಲ.

ಬಂದ ಮಾರನೇ ದಿನದಿಂದಲೇ ಶುರು. ಕರೆಂಟ್ ತಂತಿ ಅಭ್ಯಾಸ ಆಗಲಿ ಅಂತ ಹಲಗೆ ಬೇಲಿಯ ಒಳಗೇ ತಂತಿ ಎಳೆದು, ಕ್ಲೋವರ್ ಅನ್ನೋ ಮೇವಿನ ಗಿಡ ಚೆನ್ನಾಗಿ ಬಂದಿದ್ದ ಜಾಗದಲ್ಲಿ ಬಿಟ್ಟಿದ್ದೆ. ಮೇಯೋದು ಎಲ್ಲಿ ಬಂತು! ಉದ್ದ ಮೂತಿ ಹಾಕಿ ಬೇರು ಸಮೇತ ಬಗೆದು ಹಾಕಿದ್ವು. ಕೇಳಿದ್ರೆ “ಹೊಸ ಜಾಗ ಅಲ್ವಾ ಸರ್, ಪರಿಚಯ ಮಾಡ್ಕೊಳ್ತಿವೆ.” ಮೂತಿ ಯಾಕೆ ಉದ್ದ? “ಚಿಕ್ಕವು ಸರ್, ಬೆಳೀತಾ ಬೆಳೀತಾ ಗಿಡ್ಡ ಆಗತ್ತೆ.” ಬೆಳೀತಾ ಗಿಡ್ಡ ಆಗೋ ಮೂತಿ! ಕೆಮ್ತಿವೆ ಅಂದ್ರೆ ಗಾಡಿಯ ಧೂಳು. ಬೆನ್ನುಮೂಳೆ ಕಾಣ್ತಿದೆ, ಹೊಟ್ಟೆ ಮಾತ್ರ ಉಬ್ಬಿದೆ ಅಂದ್ರೆ “ಅದೇ ಸರ್ ತಳಿ ಗುಣ.” ಕೂದಲು ಒರಟು ಅಂದ್ರೆ ತಳಿ ಗುಣ. ಏನು ಕೇಳಿದ್ರೂ ತಳಿ ಗುಣ.

ಇಲ್ಲೇ ಇರೋದು ಇಡೀ ಮೋಸ, ಇದನ್ನ ಸರಿಯಾಗಿ ಗಮನಿಸಿ. ಹುಳದ ಕಾಟಕ್ಕೆ ಮುರುಟಿಹೋದ ಹಂದಿಗೂ ಗಿಡ್ಡ ಮೈ, ಒರಟು ಉದ್ದ ಕೂದಲು, ಉಬ್ಬಿದ ಹೊಟ್ಟೆ ಇರತ್ತೆ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣತ್ತೆ. ಯಾರಿಗೂ ಬೇಡವಾದ ಹಂದಿಗಳನ್ನ ಅಪರೂಪದ ತಳಿ ಅಂತ ಹೆಸರಿಟ್ಟು ದುಬಾರಿಗೆ ಮಾರ್ತಿದ್ದಾನೆ.

ಪಶುವೈದ್ಯರು ಬಂದಾಗ ನೋಡೋಕೆ ಅಕ್ಕಪಕ್ಕದೋರೂ ಸೇರಿದ್ರು, ಹೊಸ ತಳಿ ತಂದಿದ್ದೀನಿ ಅಂತ ನಾನೇ ಹೇಳಿದ್ದೆ. ಡಾಕ್ಟರು ಒಂದರ ಬಾಯಿ ಅಗಲಿಸಿ, ಟಾರ್ಚ್ ಬಿಟ್ಟು, ಹಿಂದಿನ ದವಡೆ ಮೇಲೆ ಬೆರಳಿಟ್ಟು ಸುಮ್ಮನೆ ನಿಂತ್ರು. “ಎಂಟು ವಾರ ಅಂದ್ರಾ? ಈ ದವಡೆ ಹಲ್ಲು ನಾಲ್ಕು ತಿಂಗಳು ತುಂಬದೆ ಹುಟ್ಟೋದೇ ಇಲ್ಲ ಕಣ್ರೀ.” ಎಲ್ಲರೆದುರು ಅದು. ಒಬ್ಬರೂ ಮಾತಾಡಲಿಲ್ಲ. ನನಗೆ ಮುಖ ಎತ್ತೋಕೆ ಆಗಲಿಲ್ಲ. ಈಗ ಬರೀತಾ ಇದ್ರೂ ಕೈ ನಡುಗತ್ತೆ.

ಔಷಧಿ ಕೊಟ್ಟ ಮೇಲೆ ಸಗಣಿಯಲ್ಲಿ ಬಿದ್ದ ಹುಳ ನೋಡಿದೆ. ನಸುಗೆಂಪು ಬಿಳಿ ಬಣ್ಣ, ಗೇಣುದ್ದಕ್ಕಿಂತ ಉದ್ದ, ಒಂದಕ್ಕೊಂದು ಸುತ್ತಿಕೊಂಡು ಇನ್ನೂ ಹೊರಳಾಡ್ತಿದ್ವು. ಹಲ್ಲಿನದು, ಹುಳದ್ದು ಎರಡೂ ಫೋಟೋ ಅವನಿಗೆ ಕಳಿಸಿದೆ. ಬಂದ ಉತ್ತರ: “ಹುಳ ನಿಮ್ಮ ನೆಲದ್ದು ಸರ್. ನಮ್ಮಲ್ಲಿ ಇರಲಿಲ್ಲ.” ಮೈಯೆಲ್ಲ ಉರಿದುಹೋಯ್ತು. ನಮ್ಮ ಜಾಗದಲ್ಲಿ ಇದಕ್ಕೆ ಮುಂಚೆ ಹಂದಿಯೇ ಇರಲಿಲ್ಲ. ಅದೂ ಅಲ್ಲದೆ ಹಂದಿ ಹೊಟ್ಟೆಗೆ ಹೋದ ಮೊಟ್ಟೆಯಿಂದ ಮರಿಹುಳ ಹೊರಟು, ಯಕೃತ್ತು (ಲಿವರ್) ಹಾದು, ಶ್ವಾಸಕೋಶಕ್ಕೆ ಹೋಗಿ, ಮತ್ತೆ ಕರುಳಿಗೆ ಬಂದು ಮೊಟ್ಟೆ ಇಡೋ ಹುಳ ಆಗೋಕೆ ಆರರಿಂದ ಎಂಟು ವಾರ ಬೇಕು. ಕೆಮ್ಮು ಅದರಿಂದಲೂ ಬರತ್ತೆ, ಗಾಡಿಯ ಧೂಳಿಂದಲ್ಲ. ಹಂದಿ ಬಂದು ಅಷ್ಟು ವಾರ ಆಗೇ ಇರಲಿಲ್ಲ. ಇದನ್ನೆಲ್ಲ ಬರೆದು ಕಳಿಸಿದೆ. ಓದಿದ. “ಜೀವ ಇರೋ ವ್ಯಾಪಾರಕ್ಕೆ ಗ್ಯಾರಂಟಿ ಎಲ್ಲಿರತ್ತೆ ಸರ್, ನೀವು ನೋಡೇ ತಗೊಂಡ್ರಲ್ಲ” ಅಂದ. ಕತ್ತಲಲ್ಲಿ ಕೊಟ್ಟು ನೋಡೇ ತಗೊಂಡ್ರಿ ಅಂತಾನೆ! ಅದೇ ಕೊನೆ, ಬ್ಲಾಕ್ ಮಾಡಿದ.

ಈಗ ಆ ಇನ್ನೊಂದು ಉರಿ. ಒಂದು ಹೆಣ್ಣು ಹುಳ ದಿನಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡತ್ತೆ. ಅವೆಲ್ಲ ಸಗಣಿ ಜೊತೆ ನನ್ನ ಹುಲ್ಲಿನ ನೆಲಕ್ಕೆ ಬಿದ್ದಿವೆ. ಮಣ್ಣಲ್ಲಿ ಆ ಮೊಟ್ಟೆ ವರ್ಷಗಟ್ಟಲೆ ಬದುಕಿರತ್ತೆ, ಫಿನಾಯಿಲ್ ಥರದ್ದಕ್ಕೆಲ್ಲ ಜಗ್ಗಲ್ಲ. ಹಂದಿಗೆ ಔಷಧಿ ಕೊಡಬಹುದು, ನೆಲಕ್ಕೆ ಏನು ಕೊಡೋದು? ಅಲ್ಲಿ ಇನ್ನು ಎಳೆ ಮರಿ ಬಿಡೋ ಹಾಗಿಲ್ಲ. ಇಷ್ಟು ದಿನ ಕಾಪಾಡಿಕೊಂಡು ಬಂದ ಒಳ್ಳೇ ಹುಲ್ಲು ಅದು. ದುಡ್ಡು ವಾಪಸ್ ಕೊಟ್ರೂ ಆ ನೆಲವನ್ನ ಅವನು ಮೊದಲಿನ ಹಾಗೆ ಮಾಡಿಕೊಡ್ತಾನಾ?

ತಗೊಳೋರು ಬೆಳಕಲ್ಲೇ ತಗೊಳ್ಳಿ. ಪೂರ್ತಿ ದುಡ್ಡು ಕೊಡೋ ಮುಂಚೆ ಸಗಣಿ ಪರೀಕ್ಷೆ ಮಾಡಿಸಿ, ಬಾಯಿ ತೆರೆಸಿ ಹಲ್ಲು ನೋಡಿ. ಮೂತಿ ಪಕ್ಕದಿಂದ ನೋಡಿ. ಗಲ್ಲದ ಕೆಳಗೆ ಜೋತಾಡೋ ಮಾಂಸದ ಗೊಂಚಲು ಇಲ್ಲದ ಕುನೆಕುನೆಯೂ ಇರತ್ತೆ, ಆದ್ರೆ ನೀಳ ನೇರ ಮೂತಿಯ ಕುನೆಕುನೆ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. ತಂದ ಮೇಲೂ ಒಂದು ತಿಂಗಳು ಬೇರೆ ಹಂದಿಗಳಿಂದ ದೂರ, ಸಿಮೆಂಟ್ ನೆಲದ ಮೇಲಿಡಿ, ಒಳ್ಳೇ ಹುಲ್ಲಿಗೆ ಬಿಡಬೇಡಿ.

ನಿನ್ನೆ ಬೇರೆ ನಂಬರಿಂದ ಅವನ ಜಾಹೀರಾತು ಮತ್ತೆ ನೋಡಿದೆ. ಅದೇ ಫೋಟೋ: ಮರದ ಬೇಲಿ ಪಕ್ಕ ಕಂದು ಮಚ್ಚೆಯ ತಾಯಿ ಹಂದಿ, ಎಡಗಿವಿ ಸ್ವಲ್ಪ ಹರಿದಿದೆ. “ಕೊನೆಯ ಕೆಲವು ಮರಿಗಳು, ಬೇಗ ಮುಂಗಡ ಕಳಿಸಿ” ಅಂತ ಬರೆದಿದ್ದಾನೆ. ಆ ಫೋಟೋ ನಿಮಗೂ ಬಂದಿದ್ರೆ ಒಂದು ಪೈಸೆಯೂ ಕಳಿಸಬೇಡಿ. ಆಗಲೇ ಕಳಿಸಿದ್ರೆ ಇವತ್ತೇ ಫೋನ್ ಮಾಡಿ, ಆ ಹರಿದ ಕಿವಿಯ ಹಂದಿಯನ್ನ ವಿಡಿಯೋ ಕಾಲಲ್ಲಿ ತೋರಿಸು ಅಂತ ಕೇಳಿ.